ಬೆಳಗಿನ ಸಂದರ್ಶನದಿಂದ ರಾತ್ರಿಯ ಕ್ವಿಜ್‌ವರೆಗೆ: ಡಿಡಿ ಚಂದನದ ಒಂದು ದಿನ ಹೀಗೇಕಿರುತ್ತದೆ?

ಖಾಸಗಿ ಮನರಂಜನಾ ವಾಹಿನಿ ಹಾಕಿಕೊಂಡು ಕುಳಿತರೆ ಸಂಜೆಯಿಂದ ರಾತ್ರಿವರೆಗೆ ಏನು ಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಒಂದು ಧಾರಾವಾಹಿ ಮುಗಿದರೆ ಇನ್ನೊಂದು, ವಾರಾಂತ್ಯವಾದರೆ ರಿಯಾಲಿಟಿ ಶೋ. ಸುದ್ದಿ ವಾಹಿನಿಯಾದರೆ ಬೆಳಗ್ಗೆ ಜ್ಯೋತಿಷ್ಯ, ಉಳಿದ ಹೊತ್ತೆಲ್ಲ ಬ್ರೇಕಿಂಗ್ ನ್ಯೂಸ್.

ಡಿಡಿ ಚಂದನದಲ್ಲಿ ಹಾಗಲ್ಲ. ಬೆಳಗ್ಗೆ ವೈದ್ಯರೋ ಸಾಹಿತಿಯೋ ನೇರಪ್ರಸಾರದ ಸಂದರ್ಶನದಲ್ಲಿ ಕುಳಿತಿರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ವೀಣಾವಾದನ. ಮಧ್ಯಾಹ್ನ ಹಳೆಯ ಧಾರಾವಾಹಿ, ಸಂಜೆ ರೈತರಿಗೆ ಬೆಳೆಯ ಮಾಹಿತಿ, ಆಮೇಲೆ ವಾರ್ತೆ, ರಾತ್ರಿ ಕ್ವಿಜ್. ಒಂದೇ ವಾಹಿನಿಯಲ್ಲಿ ಹತ್ತು ವಾಹಿನಿ ಇದ್ದಂತೆ. ಇದೇನು ಕಲಸುಮೇಲೋಗರ ಎಂದು ನಕ್ಕವರೂ ಇದ್ದಾರೆ, ಇದೇ ಬೇಕು ಎಂದು ಹುಡುಕಿ ನೋಡುವವರೂ ಇದ್ದಾರೆ.

ಈ ವೈವಿಧ್ಯ ಆಕಸ್ಮಿಕವಲ್ಲ. ಅದರ ಹಿಂದೆ ಒಂದು ಕಾನೂನಿದೆ, ಅರ್ಧ ಶತಮಾನದ ಇತಿಹಾಸವಿದೆ, ದಿನವನ್ನು ಹಂಚಿಕೊಡುವ ಒಂದು ಪಟ್ಟಿಯಿದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಇದು ತಿಂಗಳ ಶುಲ್ಕವಿಲ್ಲದೆ ಸಿಗುವ ಕನ್ನಡ ವಾಹಿನಿ. ಹಾಗಾಗಿ ಅದರ ದಿನಚರಿ ಹೇಗೆ ರೂಪುಗೊಳ್ಳುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ದೂರದರ್ಶನ ಮತ್ತು ಆಕಾಶವಾಣಿ ಎರಡೂ ಪ್ರಸಾರ ಭಾರತಿಯ ಅಡಿಯಲ್ಲಿವೆ. ಪ್ರಸಾರ ಭಾರತಿ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಸೆಕ್ಷನ್ ಸಂಸ್ಥೆಯ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಜನರಿಗೆ ಮಾಹಿತಿ, ಶಿಕ್ಷಣ, ಮನರಂಜನೆ ಕೊಡುವುದು ಮುಖ್ಯ ಕರ್ತವ್ಯ. ಇಲ್ಲಿ ಮನರಂಜನೆ ಮೂರರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಶಿಕ್ಷಣ ಮತ್ತು ಸಾಕ್ಷರತೆ, ಕೃಷಿ, ಗ್ರಾಮೀಣಾಭಿವೃದ್ಧಿ, ಪರಿಸರ, ಆರೋಗ್ಯ, ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ವಿಶೇಷ ಗಮನ ಕೊಡಬೇಕು. ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಜಾಗ ಸಿಗಬೇಕು. ಕ್ರೀಡೆ, ಯುವಜನ, ಮಹಿಳೆಯರು, ಕಾರ್ಮಿಕರು, ಅಲ್ಪಸಂಖ್ಯಾತರು, ಬುಡಕಟ್ಟು ಸಮುದಾಯಗಳು, ಮಕ್ಕಳು, ದೃಷ್ಟಿಹೀನರು, ವೃದ್ಧರು, ಹೀಗೆ ಪ್ರತಿಯೊಂದು ವರ್ಗದ ಹೆಸರೂ ಕಾಯ್ದೆಯಲ್ಲಿದೆ.

ಈ ಪಟ್ಟಿಯನ್ನು ಒಂದು ಕೈಯಲ್ಲಿ, ಚಂದನದ ದಿನದ ಕಾರ್ಯಕ್ರಮ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರೆ ಒಗಟು ಬಿಡಿಸಿದಂತಾಗುತ್ತದೆ. ಖಾಸಗಿ ವಾಹಿನಿ ಪ್ರತಿ ಅರ್ಧ ಗಂಟೆಗೂ ಕೇಳುವ ಪ್ರಶ್ನೆ, ಈ ಹೊತ್ತಿಗೆ ಹೆಚ್ಚು ಜನ ಏನು ನೋಡುತ್ತಾರೆ ಎಂಬುದು. ಸಾರ್ವಜನಿಕ ವಾಹಿನಿ ಕೇಳಬೇಕಾದ ಪ್ರಶ್ನೆ, ಈ ಹೊತ್ತು ಯಾರಿಗೆ ಸೇರಬೇಕು ಎಂಬುದು. ಪ್ರಶ್ನೆ ಬೇರೆಯಾದ್ದರಿಂದ ದಿನವೂ ಬೇರೆಯಾಗಿ ಕಾಣುತ್ತದೆ.

ದಿನವನ್ನು ಹಂಚುವ ಚಾರ್ಟ್

ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಬರಬೇಕು ಎಂಬುದನ್ನು ದೂರದರ್ಶನದಲ್ಲಿ ಎಫ್‌ಪಿಸಿ, ಅಂದರೆ ಫಿಕ್ಸ್‌ಡ್ ಪಾಯಿಂಟ್ ಚಾರ್ಟ್ ನಿರ್ಧರಿಸುತ್ತದೆ. ವಾರದ ಏಳು ದಿನ ಒಂದು ಕಡೆ, ದಿನದ ಗಂಟೆಗಳು ಇನ್ನೊಂದು ಕಡೆ ಇರುವ ಕೋಷ್ಟಕವಿದು. ಶಾಲೆಯ ಟೈಮ್‌ಟೇಬಲ್ ಇದ್ದ ಹಾಗೆ. ಮೊದಲು ಅದರಲ್ಲಿ ಅಲುಗಾಡಿಸಲಾಗದ ಮನೆಗಳು ತುಂಬುತ್ತವೆ: ವಾರ್ತೆ, ಕೃಷಿ ಮುಂತಾದವು. ಉಳಿದ ಮನೆಗಳಿಗೆ ಧಾರಾವಾಹಿ, ಸಂಗೀತ, ನೃತ್ಯ, ಚರ್ಚೆ, ಸಿನಿಮಾ.

ಕಾರ್ಯಕ್ರಮಗಳು ಬರುವ ದಾರಿಯೂ ಒಂದೇ ಅಲ್ಲ. ಕೆಲವನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ದೂರದರ್ಶನ ಕೇಂದ್ರದ ಸ್ಟುಡಿಯೋದಲ್ಲೇ ತಯಾರಿಸಲಾಗುತ್ತದೆ. ಕೆಲವನ್ನು ಹೊರಗಿನ ನಿರ್ಮಾಪಕರು ಮಾಡಿಕೊಡುತ್ತಾರೆ. ಇನ್ನು ಕೆಲವು ಪ್ರಾಯೋಜಿತ. ಸರ್ಕಾರದ ಇಲಾಖೆಗಳು ದುಡ್ಡು ಕೊಟ್ಟು ಮಾಡಿಸುವ ಜಾಗೃತಿ ಕಾರ್ಯಕ್ರಮಗಳೂ ಇವೆ. ಕಲಬುರಗಿಯಲ್ಲೂ ದೂರದರ್ಶನದ ಕೇಂದ್ರವಿದೆ.

ಚಾರ್ಟ್ ಆಗಾಗ ಬದಲಾಗುತ್ತದೆ. ಮೈಸೂರು ದಸರಾ ಜಂಬೂಸವಾರಿಯ ನೇರಪ್ರಸಾರ ಇದ್ದ ದಿನ ಮಾಮೂಲಿ ಕಾರ್ಯಕ್ರಮಗಳು ಪಕ್ಕಕ್ಕೆ ಸರಿಯುತ್ತವೆ.

ಬೆಳಗು: ಮಾತು ಮತ್ತು ಸಂಗೀತ

ಬೆಳಗಿನ ಹೊತ್ತು ಮನೆಯಲ್ಲಿ ಟಿವಿ ಮುಂದೆ ಹೆಚ್ಚಾಗಿ ಕೂರುವವರು ಹಿರಿಯರು. ಅದಕ್ಕೆ ತಕ್ಕಂತೆ ಸಂಗೀತ, ಆರೋಗ್ಯ, ಮಾತುಕತೆಗೆ ಈ ಹೊತ್ತು ಹೊಂದುತ್ತದೆ. ಚಂದನದ ‘ಬೆಳಗು’ ಕಾರ್ಯಕ್ರಮದಲ್ಲಿ ವೈದ್ಯರು, ಲೇಖಕರು, ಕಲಾವಿದರು, ಅಧಿಕಾರಿಗಳು ಅತಿಥಿಗಳಾಗಿ ಬರುತ್ತಾರೆ. ಸುದ್ದಿ ವಾಹಿನಿಗಳ ಚರ್ಚೆಯಲ್ಲಿ ಅತಿಥಿಗೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಇಲ್ಲಿ ಒಬ್ಬ ಅತಿಥಿಯೇ ನಿಧಾನವಾಗಿ ಮಾತು ಮುಗಿಸಬಹುದು.

ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಜಾನಪದ ಗಾಯನದ ಕಲಾವಿದರಲ್ಲಿ ಅನೇಕರು ಶ್ರೇಣಿ ಪಡೆದವರು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಪಾಸಾದ ಕಲಾವಿದರಿಗೆ ಬಿ, ಬಿ-ಹೈ, ಎ ಮತ್ತು ಟಾಪ್ ಎಂಬ ಗ್ರೇಡ್ ಸಿಗುತ್ತದೆ. ಸಣ್ಣ ಊರಿನ ಗಾಯಕಿಯೊಬ್ಬರಿಗೆ ಈ ಗ್ರೇಡ್ ಎಂದರೆ ಬರೀ ಸಂಭಾವನೆಯಲ್ಲ, ಕಚೇರಿಗೆ ಕರೆಯುವ ಸಭಾಗಳೂ ನೋಡುವ ಅರ್ಹತಾಪತ್ರ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಬೇರೂರಿರುವ ರಾಜ್ಯದಲ್ಲಿ ಎರಡಕ್ಕೂ ಒಂದೇ ವಾಹಿನಿಯಲ್ಲಿ ಹೊತ್ತು ಕೊಡುವ ಕೆಲಸ ಚಂದನದ ಪಾಲಿಗೆ ಬಂದಿದೆ.

ಮಧ್ಯಾಹ್ನ: ಧಾರಾವಾಹಿ ಮತ್ತು ಪಾಠ

ಇಂದಿನ ಕನ್ನಡ ಧಾರಾವಾಹಿಯ ಬೇರು ಇರುವುದು ದೂರದರ್ಶನದಲ್ಲೇ. 1990ರ ಆಸುಪಾಸಿನಲ್ಲಿ ಬಂದ ‘ಗುಡ್ಡದ ಭೂತ’ 13 ಕಂತುಗಳ ಧಾರಾವಾಹಿ. ಕರಾವಳಿಯ ಹಳ್ಳಿಯ ಕತೆ ಹೇಳಿದ ಇದರಲ್ಲಿ ಯುವ ನಟ ಪ್ರಕಾಶ್ ರೈ ಅಭಿನಯಿಸಿದ್ದರು. ನಿರ್ದೇಶಕ ಸದಾನಂದ ಸುವರ್ಣ ಮುಂಬೈ ಕನ್ನಡ ರಂಗಭೂಮಿಯಲ್ಲಿ ಬೆಳೆದವರು, ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕರು. ಅಂದರೆ ಕನ್ನಡ ಕಿರುತೆರೆಯ ಆರಂಭದ ಮೈಲಿಗಲ್ಲುಗಳಲ್ಲಿ ಒಂದಕ್ಕೆ ಮುಂಬೈ ಕನ್ನಡಿಗರ ಕೈಯೂ ತಾಗಿದೆ.

ಬಳಿಕ 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ‘ಮಾಯಾಮೃಗ’ ಸಂಜೆ ನಾಲ್ಕೂವರೆಗೆ ಪ್ರಸಾರವಾಯಿತು. ಜಾಹೀರಾತುದಾರರು ಅಷ್ಟಾಗಿ ಬೆಲೆ ಕೊಡದ ಹೊತ್ತು ಅದು. ಆದರೂ ಜನ ಕೆಲಸ ಬೇಗ ಮುಗಿಸಿಕೊಂಡು ಟಿವಿ ಮುಂದೆ ಕೂರುವಂತೆ ಆ ಧಾರಾವಾಹಿ ಮಾಡಿತು. ದಿನದ ಯಾವ ಹೊತ್ತೂ ವ್ಯರ್ಥವಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿರುವವರಿಗೆ ಬೇಕಾದದ್ದನ್ನು ಕೊಟ್ಟರೆ ಸಾಕು ಎಂಬುದಕ್ಕೆ ಇದು ಈಗಲೂ ಹೇಳುವ ಉದಾಹರಣೆ.

ಹಗಲಿನ ಹೊತ್ತಿಗೆ ಇನ್ನೊಂದು ದೊಡ್ಡ ಪರೀಕ್ಷೆ ಎದುರಾದದ್ದು 2020ರಲ್ಲಿ. ಕೊರೊನಾ ಕಾರಣಕ್ಕೆ ಶಾಲೆಗಳು ಮುಚ್ಚಿದವು. ಸ್ಮಾರ್ಟ್‌ಫೋನ್ ಇರುವ ಮಕ್ಕಳು ಆನ್‌ಲೈನ್ ತರಗತಿಗೆ ಹೋದರು. ಫೋನ್ ಇಲ್ಲದವರ, ನೆಟ್‌ವರ್ಕ್ ಸಿಗದ ಊರಿನವರ ಪಾಡೇನು? ಆಗ ಕರ್ನಾಟಕದ ಶಿಕ್ಷಣ ಇಲಾಖೆ ‘ಸಂವೇದ’ ಹೆಸರಿನಲ್ಲಿ ಸರ್ಕಾರಿ ಶಾಲಾ ಮಕ್ಕಳಿಗೆ ಚಂದನದ ಮೂಲಕ ವಿಡಿಯೋ ಪಾಠ ಆರಂಭಿಸಿತು. ಯಾವ ತರಗತಿಗೆ ಯಾವ ಹೊತ್ತಿಗೆ ಯಾವ ವಿಷಯ ಎಂಬ ವೇಳಾಪಟ್ಟಿ ಶಾಲೆಗಳಿಂದ ಮನೆಗಳಿಗೆ ತಲುಪಿತು. ಟಿವಿಯಲ್ಲಿ ಮಗು ಪ್ರಶ್ನೆ ಕೇಳಲಾಗದು, ಮೇಷ್ಟ್ರು ಮಗುವಿನ ಮುಖ ನೋಡಲಾಗದು. ತರಗತಿಗೆ ಅದು ಸಾಟಿಯಾಗಲಿಲ್ಲ. ಆದರೆ ಲಾಭ ನೋಡದೆ ದಿನಕ್ಕೆ ಹಲವು ಗಂಟೆ ಬಿಟ್ಟುಕೊಡಲು ಸಾಧ್ಯವಿರುವ ವಾಹಿನಿಯೊಂದು ಇದ್ದದ್ದರಿಂದಲೇ ಅಷ್ಟಾದರೂ ನಡೆಯಿತು.

ಸಂಜೆ: ರೈತರ ಹೊತ್ತು

ದೂರದರ್ಶನದ ಕೃಷಿ ಕಾರ್ಯಕ್ರಮ ಬಹಳ ಹಳೆಯದು. ದೂರದರ್ಶನದ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಶುರುವಾಯಿತು. ಎಂಟು ವರ್ಷ ಕಳೆಯುವ ಮೊದಲೇ, 1967ರ ಜನವರಿ 26ರಂದು, ದೆಹಲಿ ಸುತ್ತಲಿನ 80 ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಆರಂಭವಾಯಿತು. ಮನೆಮನೆಗೆ ಟಿವಿ ಇಲ್ಲದ ಕಾಲ ಅದು. ಊರಿಗೊಂದು ಸೆಟ್, ಅದರ ಮುಂದೆ ಎಲ್ಲರೂ.

ಕನ್ನಡ ನಾಡಿಗೆ ಟಿವಿ ಬಂದ ಕತೆಯೂ ಹಳ್ಳಿಯಿಂದಲೇ ಶುರುವಾಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಬೆಂಗಳೂರಿಗಿಂತ ಮೊದಲು ಟಿವಿ ನೋಡಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಟಿವಿ ಪ್ರಯೋಗದಲ್ಲಿ (ಸೈಟ್) ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಲಾಯಿತು. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಪಾಠ ಅದರ ವಸ್ತು. ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರು ತನ್ನ ದೂರದರ್ಶನಕ್ಕಾಗಿ 1981ರವರೆಗೆ ಕಾಯಬೇಕಾಯಿತು.

ಆದ್ದರಿಂದ ಸಂಜೆಯ ಕೃಷಿ ಕಾರ್ಯಕ್ರಮ ಚಂದನಕ್ಕೆ ಯಾರೋ ಸೇರಿಸಿದ ಬಾಲವಲ್ಲ, ಅದು ಹುಟ್ಟುವಾಗಲೇ ಇದ್ದ ಬುಡ. ಕೃಷಿ ವಿಶ್ವವಿದ್ಯಾಲಯದ ತಜ್ಞರು ಬಂದು ತೊಗರಿಯ ಕಾಯಿಕೊರಕ, ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಮಣ್ಣು ಪರೀಕ್ಷೆಯಂಥ ವಿಷಯ ಮಾತನಾಡುತ್ತಾರೆ. ನಗರದ ವೀಕ್ಷಕರಿಗೆ ಇದು ಬೇಸರ ತರಿಸಬಹುದು. ಆದರೆ ಯಾವ ರೋಗಕ್ಕೆ ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು ಎಂಬುದನ್ನು ಗೊಬ್ಬರದ ಅಂಗಡಿಯವರ ಮಾತೊಂದನ್ನೇ ನಂಬಿ ಕೊಳ್ಳುವ ರೈತನಿಗೆ, ಮಾರಾಟದ ಲಾಭವಿಲ್ಲದ ಇನ್ನೊಂದು ದನಿ ಕೇಳಿಸುವುದು ಸಣ್ಣ ಸಂಗತಿಯಲ್ಲ.

ವಾರ್ತೆ: ಕೂಗಾಟ ಇಲ್ಲ, ಪ್ರಶ್ನೆಯೂ ಕಡಿಮೆ

ಚಂದನದ ವಾರ್ತೆಗೆ ತನ್ನದೇ ಲಯವಿದೆ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ. ಓದುವವರು ಓದುತ್ತಾರೆ, ದೃಶ್ಯ ಬರುತ್ತದೆ, ಮುಂದಿನ ಸುದ್ದಿಗೆ ಹೋಗುತ್ತದೆ. ಜಲಾಶಯದ ನೀರಿನ ಮಟ್ಟ, ಮಳೆಯ ಮುನ್ಸೂಚನೆ, ಜಿಲ್ಲೆಯ ಸಭೆ ಎಲ್ಲಕ್ಕೂ ಜಾಗವಿದೆ. ಉಚ್ಚಾರ ಸ್ಪಷ್ಟ, ವಾಕ್ಯ ಪೂರ್ಣ. ಹೊರ ರಾಜ್ಯದಲ್ಲಿ ಬೆಳೆಯುತ್ತಿರುವ ಮಕ್ಕಳ ಕಿವಿಗೆ ಕನ್ನಡ ಬೀಳಲಿ ಎಂದು ಬಯಸುವ ಪೋಷಕರಿಗೆ ಇದು ಉಪಯುಕ್ತ. ನಿಧಾನವಾಗಿ, ಅಕ್ಷರ ನುಂಗದೆ ಆಡುವ ಕನ್ನಡ ಟಿವಿಯಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸರ್ಕಾರದ ದುಡ್ಡಿನಲ್ಲಿ ನಡೆಯುವ ವಾಹಿನಿಯ ವಾರ್ತೆಯಲ್ಲಿ ಸರ್ಕಾರಿ ಸಮಾರಂಭ, ಸಚಿವರ ಭಾಷಣಕ್ಕೆ ಮೊದಲ ಮಣೆ ಸಿಗುತ್ತದೆ ಎಂಬ ದೂರು ದೂರದರ್ಶನದ ಬಗ್ಗೆ ಬಹಳ ಹಿಂದಿನಿಂದಲೂ ಇದೆ. ಸ್ವಾಯತ್ತ ಸಂಸ್ಥೆಗಾಗಿ ಪ್ರಸಾರ ಭಾರತಿ ಕಾಯ್ದೆ ಬಂದ ಮೇಲೂ ದೂರು ನಿಂತಿಲ್ಲ. ಅಧಿಕೃತ ಮಾಹಿತಿಗೆ ಚಂದನ ನೋಡಿ, ಅದರ ಮೇಲಿನ ಪ್ರಶ್ನೆಗಳಿಗೆ ಬೇರೆ ಕಡೆಯೂ ಕಣ್ಣಾಡಿಸುವುದು ಎಚ್ಚರದ ವೀಕ್ಷಕರ ಅಭ್ಯಾಸ.

ರಾತ್ರಿ: ಪುಸ್ತಕ ಗೆಲ್ಲುವ ಆಟ

ಚಂದನದ ಹೆಸರು ಹೇಳಿದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಆರಂಭವಾದ ಈ ಕ್ವಿಜ್ ಸಾವಿರಾರು ಕಂತು ದಾಟಿದೆ. ನಡೆಸಿಕೊಡುವವರು ಡಾ. ನಾ. ಸೋಮೇಶ್ವರ, ವೃತ್ತಿಯಲ್ಲಿ ವೈದ್ಯರು, ಕನ್ನಡದಲ್ಲಿ ಆರೋಗ್ಯ ಮತ್ತು ವಿಜ್ಞಾನದ ಬಗ್ಗೆ ಬರೆದವರು.

ಇಲ್ಲಿ ಕೋಟಿ ರೂಪಾಯಿ ಇಲ್ಲ. ಸರಿ ಉತ್ತರಕ್ಕೆ ಕನ್ನಡ ಪುಸ್ತಕ ಬಹುಮಾನ. ಸಾಹಿತ್ಯ, ಪುರಾಣ, ವಿಜ್ಞಾನ, ಇತಿಹಾಸ, ಸಿನಿಮಾ, ಗಾದೆ ಎಲ್ಲದರ ಪ್ರಶ್ನೆಗಳಿರುತ್ತವೆ. ಸ್ಪರ್ಧಿಗಳು ಶಿಕ್ಷಕರು, ಬ್ಯಾಂಕ್ ನೌಕರರು, ಗೃಹಿಣಿಯರು, ವಿದ್ಯಾರ್ಥಿಗಳು. ಉತ್ತರ ಹೇಳಿ ಮುಂದೆ ಓಡುವ ಬದಲು ಆ ಉತ್ತರದ ಹಿನ್ನೆಲೆಯನ್ನೂ ವಿವರಿಸುವ ಪದ್ಧತಿ ಇದೆ. ಹಾಗಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಇದನ್ನು ನೋಡುತ್ತಾರೆ. ಇಷ್ಟು ಕಡಿಮೆ ಬಂಡವಾಳದ, ಇಷ್ಟು ವರ್ಷ ಬಾಳಿದ ಕಾರ್ಯಕ್ರಮ ಕನ್ನಡ ಟಿವಿಯಲ್ಲಿ ಅಪರೂಪ. ಮೊದಲ ಕೆಲವು ವಾರಗಳ ರೇಟಿಂಗ್ ನೋಡಿ ತೀರ್ಮಾನಿಸುವ ಕಡೆ ಇಂಥದ್ದಕ್ಕೆ ಬೆಳೆಯಲು ಸಮಯ ಸಿಗುವುದು ಕಷ್ಟ.

ಹೊರನಾಡಿನಲ್ಲಿ ನೋಡುವುದು ಹೇಗೆ?

ಕರ್ನಾಟಕದ ಹೊರಗೆ ಇರುವವರಿಗೆ ಈಗ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಕೇಬಲ್ ಅಥವಾ ಖಾಸಗಿ ಡಿಟಿಎಚ್. ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ದೂರದರ್ಶನ ವಾಹಿನಿಗಳನ್ನು ಕೇಬಲ್‌ನವರು ಕಡ್ಡಾಯವಾಗಿ ಕೊಡಬೇಕು ಎಂದು 1995ರ ಕೇಬಲ್ ಟಿವಿ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಪಟ್ಟಿಯಲ್ಲಿ ಚಂದನ ಕಾಣದಿದ್ದರೆ ಮೊದಲು ಸೆಟ್‌ಟಾಪ್ ಬಾಕ್ಸ್‌ನ ಕನ್ನಡ ಅಥವಾ ದೂರದರ್ಶನ ವಿಭಾಗದಲ್ಲಿ ಹುಡುಕಿ. ಸಿಗದಿದ್ದರೆ ಕೇಬಲ್‌ನವರನ್ನು ಕೇಳಿ. ಚಂದನಕ್ಕೆ ಪ್ರತ್ಯೇಕ ಚಂದಾ ಇಲ್ಲ.

ಎರಡು, ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಸಂಕೇತ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಯಾವ ಊರಾದರೂ ಡಿಶ್ ಹೆಚ್ಚುಕಡಿಮೆ ಆಗ್ನೇಯಕ್ಕೆ ಮುಖ ಮಾಡಿರಬೇಕು. ಬಾಲ್ಕನಿ ಆ ದಿಕ್ಕಿಗಿಲ್ಲದ ಫ್ಲ್ಯಾಟ್‌ನಲ್ಲಿದ್ದರೆ ತಾರಸಿಯಲ್ಲಿ ಜಾಗ ಕೇಳಬೇಕಾದೀತು. ಹೊಸದಾಗಿ ಕೊಳ್ಳುವವರು ಎಂಪೆಗ್-4 ಬಾಕ್ಸನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲ.

ಮೂರು, ಇಂಟರ್‌ನೆಟ್. ಚಂದನದ ಯೂಟ್ಯೂಬ್ ಚಾನೆಲ್‌ನಲ್ಲಿ ಹಲವು ಕಾರ್ಯಕ್ರಮಗಳು ಸಿಗುತ್ತವೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಒಟಿಟಿ ವೇದಿಕೆಯನ್ನೂ ಆರಂಭಿಸಿದೆ. ಆಫೀಸಿನಿಂದ ತಡವಾಗಿ ಬರುವವರಿಗೆ ಇದೇ ಅನುಕೂಲ.

ಮನೆಯ ಮೇಲಿನ ಹಳೆಯ ಆಂಟೆನಾ ನಂಬಿಕೊಳ್ಳುವ ಕಾಲ ಮುಗಿದಿದೆ. ಪ್ರಸಾರ ಭಾರತಿ ತನ್ನ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುತೇಕ ಎಲ್ಲವನ್ನೂ ಹಂತಹಂತವಾಗಿ ಮುಚ್ಚಿದೆ.

ಮುಂದೇನು?

ಇಷ್ಟೆಲ್ಲ ಇದ್ದರೂ ಚಂದನದ ಮುಂದಿರುವ ಕಷ್ಟ ಸಣ್ಣದಲ್ಲ. ಪ್ರಸಾರ ಭಾರತಿಯ ಸಿಬ್ಬಂದಿಯ ಸಂಬಳಕ್ಕೆ ಕೇಂದ್ರ ಸರ್ಕಾರ ಅನುದಾನ ಕೊಡುತ್ತದೆ. ಕಾರ್ಯಕ್ರಮಗಳ ಖರ್ಚಿಗೆ ಸಂಸ್ಥೆ ಬಹುಮಟ್ಟಿಗೆ ತಾನೇ ಆದಾಯ ಹುಡುಕಬೇಕು. ಜಾಹೀರಾತು ಬರಬೇಕಾದರೆ ರೇಟಿಂಗ್ ಬೇಕು, ರೇಟಿಂಗ್ ಬರಬೇಕಾದರೆ ಕೃಷಿ, ಶಾಸ್ತ್ರೀಯ ಸಂಗೀತ, ಪಾಠಗಳಿಗೆ ಕತ್ತರಿ ಹಾಕಬೇಕು. ಕಾನೂನು ಒಂದು ಕಡೆ ಎಳೆಯುತ್ತದೆ, ಖಜಾನೆ ಇನ್ನೊಂದು ಕಡೆ. ಇದರ ಫಲವಾಗಿ ಮರುಪ್ರಸಾರ ಹೆಚ್ಚುತ್ತದೆ, ಹೊಸ ನಾಟಕ, ಹೊಸ ಧಾರಾವಾಹಿ ಕಡಿಮೆಯಾಗುತ್ತದೆ.

ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಪ್ರಸಾರ ಮೂಲಸೌಕರ್ಯಕ್ಕೆ 2025-26ರವರೆಗಿನ ಅವಧಿಗೆ 2,539.61 ಕೋಟಿ ರೂ. ಯೋಜನೆಗೆ ಒಪ್ಪಿಗೆ ನೀಡಿತು. ಗಡಿ, ಬುಡಕಟ್ಟು ಮತ್ತು ದೂರದ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ವಿತರಿಸುವುದೂ ಅದರಲ್ಲಿದೆ. ಕ್ಯಾಮೆರಾ, ಉಪಕರಣ, ಬಾಕ್ಸ್ ಎಲ್ಲವೂ ಬೇಕು. ಆದರೆ ಒಳ್ಳೆಯ ಪಾತ್ರೆ ಕೊಂಡರಷ್ಟೇ ಅಡುಗೆ ಆಗುವುದಿಲ್ಲ. ಬರೆಯುವವರಿಗೆ, ಹಾಡುವವರಿಗೆ, ಹಳ್ಳಿಗೆ ಹೋಗಿ ಚಿತ್ರೀಕರಿಸುವವರಿಗೂ ದುಡ್ಡು ಹರಿಯಬೇಕು.

ಯಕ್ಷಗಾನದ ಅಭಿಮಾನಿ, ತೊಗರಿ ಬೆಳೆಗಾರ, ಪರೀಕ್ಷೆಗೆ ಓದುವ ಹುಡುಗಿ, ಮಗನ ಜೊತೆ ಪುಣೆಗೆ ಬಂದು ಅಕ್ಕಪಕ್ಕದ ಮಾತು ತಿಳಿಯದೆ ಕುಳಿತ ಅಜ್ಜಿ, ಇವರಲ್ಲಿ ಯಾರೂ ಜಾಹೀರಾತುದಾರರಿಗೆ ದೊಡ್ಡ ಗಿರಾಕಿಗಳಲ್ಲ. ಒಬ್ಬೊಬ್ಬರಿಗೂ ದಿನದಲ್ಲಿ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಗಳನ್ನೆಲ್ಲ ಜೋಡಿಸಿದರೆ ಚಂದನದ ದಿನವಾಗುತ್ತದೆ. ಅದರಲ್ಲಿ ಎಲ್ಲವೂ ಎಲ್ಲರಿಗೂ ಹಿಡಿಸಬೇಕಿಲ್ಲ. ನಿಮಗೆ ಬೇಡವಾದ ಹೊತ್ತು ಇನ್ಯಾರದ್ದೋ ಪಾಲು ಎಂದುಕೊಂಡು, ನಿಮ್ಮ ಪಾಲಿನ ಹೊತ್ತು ಯಾವುದೆಂದು ಹುಡುಕಿ ನೋಡಬಹುದು. ವೀಕ್ಷಕರು ಇದ್ದಾರೆ ಎಂದು ತಿಳಿದಾಗಲೇ ಅಂಥ ಕಾರ್ಯಕ್ರಮಗಳ ಪರ ವಾದ ಮಾಡಲು ಒಳಗಿರುವವರಿಗೂ ಬಲ ಬರುತ್ತದೆ.